ಭೋರಿಗೆ ಮಳೆ ಹೋಯಿತೇ?

ಮರಾಠಿ ನಾಡಿನ ವಿಮಾನ ನಗರ ಬಡಾವಣೆಯ ನಮ್ಮ ಕಚೇರಿಯಲ್ಲಿ ‘ಮಳೆ’ ಎಂದರೆ ಆಕಾಶದಿಂದ ಬೀಳುವುದಲ್ಲ, ಕಂಪ್ಯೂಟರಿನ ಫೈಲು. ಹವಾಮಾನದ ಮಾಹಿತಿಯನ್ನು ಊರೂರಿನ ಕೇಂದ್ರಗಳಿಗೆ ಕಳಿಸುವುದು ನಮ್ಮ ಕೆಲಸ. ಬೆಳಿಗ್ಗೆ ಬಂದವರೆಲ್ಲ ಚಹಾಕ್ಕಿಂತ ಮೊದಲು ಮರಾಠಿಯಲ್ಲಿ ಕೇಳುವುದು ಒಂದೇ: ಮಳೆ ಹೋಯಿತಾ? ಹೊರಗೆ ಬಿಸಿಲು ಸುಡುತ್ತಿದ್ದರೂ ಅದೇ ಪ್ರಶ್ನೆ.

ಉಪಗ್ರಹದ ಚಿತ್ರ, ರಾಡಾರಿನ ಚಿತ್ರ, ಗಾಳಿಯ ನಕ್ಷೆ ಎಂದು ವರ್ಷವರ್ಷವೂ ಹೊಸದು ಸೇರುತ್ತಲೇ ಇತ್ತು. ಎಲ್ಲವನ್ನೂ ಗಂಟು ಕಟ್ಟಿ ಎಲ್ಲರಿಗೂ ಕಳಿಸುವ ವ್ಯವಸ್ಥೆ ಮಾಡಿದವನು ನಾನೇ. ಜಂಬವೂ ಇತ್ತು. ಯಾರಾದರೂ ತಡವಾಯಿತು ಎಂದರೆ ಸಿಡುಕುತ್ತಿದ್ದೆ.

ಹೆಚ್ಚು ದೂರುತ್ತಿದ್ದವಳು ಭೋರ್ ಎಂಬ ತಾಲೂಕು ಊರಿನ ಕೇಂದ್ರದ ಹುಡುಗಿ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು, ಆ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲಿಗಳು. ಬೆಳಿಗ್ಗೆ ಎಂಟರೊಳಗೆ ಪೇಟೆಯ ಹಲಗೆಯ ಮೇಲೆ ಅಂದಿನ ಮುನ್ಸೂಚನೆ ಬರೆಯಬೇಕು. ಭತ್ತದ ನಾಟಿಗೆ ಹೊರಟವರು ಅದನ್ನು ಓದಿಕೊಂಡು ಹೋಗುತ್ತಾರೆ.

“ಸರ್, ನಿಮ್ಮ ಮಳಿ ಬರೂದರಾಗ ನಮ್ಮ ಮಳಿ ಬಂದು ಹೋಗಿರ್ತದ್ರಿ,” ಎಂದಳು ಒಮ್ಮೆ. ಮೈ ಉರಿದುಹೋಯಿತು, ಯಾಕೆಂದರೆ ಅದು ನಿಜ.

ಆ ಊರಿನ ಇಂಟರ್ನೆಟ್ ಲೈನು ನಿಧಾನ. ಗಂಟು ಅರ್ಧಕ್ಕೆ ಕಡಿದು, ಮತ್ತೆ ಮೊದಲಿಂದ ಕಳಿಸುವಷ್ಟರಲ್ಲಿ ಸರದಿಯಲ್ಲಿ ಹಿಂದಿದ್ದ ಊರುಗಳಿಗೂ ತಡ. ಶುಕ್ರವಾರದೊಳಗೆ ಸರಿಮಾಡಿ, ಇಲ್ಲವಾದರೆ ಭೋರನ್ನು ಪಟ್ಟಿಯಿಂದ ತೆಗೆಯಿರಿ ಎಂದರು ನಮ್ಮ ಕಚೇರಿಯ ಸಾಹೇಬರು. ತೆಗೆದರೆ ಹಲಗೆಯೂ ಇಲ್ಲ, ಅವಳ ನೌಕರಿಯೂ ಇಲ್ಲ. ಅವಳಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಗುರುವಾರ ಮಧ್ಯಾಹ್ನ ಕ್ಯಾಂಪ್ ಪೇಟೆಯ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತೆ. ಬಡಿಸುತ್ತಿದ್ದ ಮಾಲೀಕರು ಪಲ್ಯ ಬೇಕಾ, ಸಾರು ಬೇಕಾ ಎಂದು ಪ್ರತಿಯೊಂದನ್ನೂ ಕೇಳುತ್ತಿದ್ದರು. ಮೊದಲೇ ತಲೆಕೆಟ್ಟಿತ್ತು. “ಎಲ್ಲಾ ಹಾಕ್ಬಿಡಿ ಸ್ವಾಮಿ, ಎಷ್ಟು ಕೇಳ್ತೀರಿ?” ಎಂದೆ.

“ಕೇಳದೆ ಹಾಕಿದ್ರೆ ನೀವು ಬಿಟ್ಟು ಏಳ್ತೀರಿ ಮಾರಾಯ್ರೆ. ಮತ್ತೆ ಹಿಂದೆ ಬರುವವರಿಗೆ ಸಾರು ಸಾಕಾಗುದಿಲ್ಲ,” ಎಂದರು ಅವರು ತಣ್ಣಗೆ.

ತುತ್ತು ಕೈಯಲ್ಲೇ ನಿಂತಿತು. ಕೈ ತೊಳೆದು ಅಲ್ಲಿಂದಲೇ ಭೋರಿಗೆ ಫೋನು ಮಾಡಿದೆ. “ನಿಮಗೆ ನಿಜವಾಗ್ಲೂ ಏನೇನು ಬೇಕಮ್ಮಾ?”

“ನಮ್ಮ ತಾಲೂಕಿನ ಮಳಿ ಒಂದಿದ್ರ ಸಾಕ್ರಿ. ಆ ಬಂಗಾಳ ಕೊಲ್ಲಿ ಚಿತ್ರ ನಾ ಒಂದಿನಾನೂ ತೆರದು ನೋಡಿಲ್ರಿ.”

“ಮೊದಲೇ ಹೇಳಬಾರದಾ?”

“ನೀವು ಕೇಳೇ ಇಲ್ಲಲ್ರಿ.”

ಆ ಸಂಜೆ ಭೋರಿನ ಗಂಟು ಬಿಚ್ಚಿ, ಚಿಟಿಕೆಯಷ್ಟು ಫೈಲು ಮಾಡಿಟ್ಟೆ. ಮರುದಿನ ಏಳೂವರೆಗೆ ಫೋನು ಬಂತು. ಸಾಹೇಬರು ಪಕ್ಕದಲ್ಲೇ ಇದ್ದರು, ಸ್ಪೀಕರಿಗೆ ಹಾಕಿದೆ.

“ಮಳಿ ಬಂತ್ರಿ ಸರ್.”

“ಯಾವುದು? ಫೈಲೋ, ಮಳೆನೋ?”

“ಫೈಲ್ ಬಂದು ಭಾಳ ಹೊತ್ತಾತ್ರಿ. ಇವತ್ತು ಜೋರ್ ಮಳಿ ಅಂತ ಹಲಗಿ ಮ್ಯಾಲ ಬರದೀನಿ. ಈಗ ಅದಕ್ಕ ಛತ್ರಿ ಹಿಡಕೊಂಡು ನಿಂತೀನ್ರಿ, ಅಳಿಸಿ ಹೋಗಬಾರದಲ್ಲ.”

ಸಾಹೇಬರಿಗೆ ಕನ್ನಡ ಬಾರದು. ಛತ್ರಿಯ ಮೇಲೆ ಬೀಳುತ್ತಿದ್ದ ಸದ್ದನ್ನು ಸ್ವಲ್ಪ ಹೊತ್ತು ಕೇಳಿ, ಗಡಿಯಾರ ನೋಡಿ, ಭೋರ್ ಇರಲಿ ಎಂದರು.