ಮಕ್ಕಳಿಗೆ ಬೆನ್ನು ಮಾಡದ ಬದಲಿ ಟೀಚರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯಲ್ಲಿ ಬದಲಿ ಟೀಚರ್ ಫೋನನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕೂತಿದ್ದಾರೆ. ತಲೆ ಬಾಚಿಯಾಗಿದೆ, ಚೀಲ ಬಾಗಿಲ ಬಳಿ ಸಿದ್ಧವಾಗಿದೆ. ಯಾವ ಟೀಚರಿಗೆ ಜ್ವರ, ಯಾರ ಮಗುವಿಗೆ ಕೆಮ್ಮು ಎನ್ನುವುದರ ಮೇಲೆ ಇವರ ದಿನ ನಿಂತಿದೆ. ಫೋನು ಅದುರುತ್ತದೆ. ಅದನ್ನು ತಂಗಿಯ ಕೈಗೆ ಕೊಡುತ್ತಾರೆ. ಮಾತು ಮುಗಿಸಿದ ತಂಗಿ ಅಕ್ಕನ ಎದುರಿಗೇ ಬಂದು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಾರೆ: "ಎರಡನೇ ಕ್ಲಾಸಂತೆ ಅಕ್ಕ. ಪೂರ್ತಿ ದಿನ."

ಟೀಚರ್ ಮುಖವೇನೂ ಅರಳುವುದಿಲ್ಲ. ಫೋನು ಬರದಿದ್ದರೆ ತನ್ನನ್ನು ಮರೆತೇಬಿಟ್ಟರೇನೋ ಎಂಬ ಭಯ. ಬಂದರೆ, ಇವತ್ತು ಸಿಕ್ಕಿಬೀಳುತ್ತೇನೇನೋ ಎಂಬ ಭಯ. ಅವರ ಕಿವಿ ಮಂದವಾಗುತ್ತಿದೆ. ಶಾಲೆಯವರಿಗೆ ಗೊತ್ತಿಲ್ಲ.

ಕೂದಲು ನರೆಯುವವರೆಗೆ ಪಾಠ ಮಾಡಿ ನಿವೃತ್ತರಾದವರು. ಇನ್ನು ಆರಾಮಾಗಿರಿ ಎಂದು ಎಲ್ಲರೂ ಕಳಿಸಿಕೊಟ್ಟರು. ಆರಾಮು ಇವರಿಗೆ ಒಗ್ಗಲಿಲ್ಲ. "ತಂಗಿ ಹೊಲಿದ ಬಟ್ಟೇಲೆಲ್ಲ ತಪ್ಪು ಹುಡುಕ್ತಾ ಕೂತಿದ್ದೆ. ಕಾಟ ತಡೀಲಾರದೆ ಅವಳೇ ನನ್ನ ವಾಪಸ್ ಶಾಲೆಗೆ ಅಟ್ಟಿದ್ಲು" ಎಂದು ನಗುತ್ತಾರೆ.

ತರಗತಿಯಲ್ಲಿ ಅವರು ಮಕ್ಕಳಿಗೆ ಬೆನ್ನು ಮಾಡುವುದೇ ಇಲ್ಲ. ಬೋರ್ಡಿನ ಮೇಲೆ ಬರೆಯುವುದು ಸರದಿಯಂತೆ ಮಕ್ಕಳ ಕೆಲಸ. ಹಾಜರಿಗೆ ಕೂಗುವ ಹಾಗಿಲ್ಲ, ಎದ್ದು ನಿಂತು ಕೈ ಎತ್ತಬೇಕು. ಹೆಡ್‌ಮಿಸ್ ಇದ್ಯಾವುದೋ ಹೊಸ ಬೋಧನಾ ಕ್ರಮವೆಂದುಕೊಂಡು, ಉಳಿದವರಿಗೂ ಕಲಿಸಿಕೊಡಿ ಎಂದುಬಿಟ್ಟಿದ್ದಾರೆ. ಅವರು ಹೊಗಳಿದಾಗಲೆಲ್ಲ ಟೀಚರ್ ಮಾತು ಬದಲಿಸುತ್ತಾರೆ.

ಈ ಕ್ರಮ ಹುಟ್ಟಿದ್ದು ಒಂದು ತಪ್ಪಿನಿಂದ. ಒಂದು ದಿನ ಟೀಚರ್ ಬೋರ್ಡಿನತ್ತ ತಿರುಗಿ ಬರೆಯುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು ಹೊರಗೆ ಹೋಗಲು ಕೇಳಿದಳು. ಮತ್ತೆ ಮತ್ತೆ ಕೇಳಿದಳಂತೆ. ಇವರು ತಿರುಗುವಷ್ಟರಲ್ಲಿ ಬೆಂಚಿನ ಕೆಳಗೆ ನೆಲ ಒದ್ದೆಯಾಗಿತ್ತು.

"ನಾನೇ ಒರೆಸಿದೆ. 'ನನ್ನ ಮೇಲೆ ಸಿಟ್ಟಾ ಟೀಚರ್?' ಅಂತ ಕೇಳ್ತು ಮಗು. ಕಿವಿ ಕೇಳ್ಸಲ್ಲ ಅಂತ ಹೇಳೋ ಧೈರ್ಯ ಬರ್ಲಿಲ್ಲ" ಎನ್ನುವಾಗ ಅವರ ದನಿ ಇಳಿಯುತ್ತದೆ. "ನಾಳೆ ಇನ್ಯಾವುದೋ ಮಗು ಬಿದ್ದು ಕೂಗಿದ್ರೆ? ರಾತ್ರಿಯೆಲ್ಲ ಅದೇ ಹೆದರಿಕೆ."

ಕಿವಿಯ ವಿಷಯ ಮಾತ್ರ ಪೇಪರಿನಲ್ಲಿ ಬರೆಯುವುದು ಬೇಡ ಎಂದು ಅವರು ಮೊದಲೇ ನಮ್ಮನ್ನು ಕೇಳಿಕೊಂಡಿದ್ದರು. ಈಗ ಚೀಲ ಹೆಗಲಿಗೇರಿಸಿ ಹೊರಟವರು ಹೊಸ್ತಿಲಲ್ಲಿ ನಿಂತು, ಅದನ್ನೂ ಬರೆಯಿರಿ ಎನ್ನುತ್ತಾರೆ. ಆಮೇಲೆ ಶಾಲೆಯಿಂದ ಫೋನೇ ಬರದಿರಬಹುದು ಎಂದು ತಂಗಿ ಎಚ್ಚರಿಸುತ್ತಾರೆ. ಅದು ಅವರಿಗೂ ಗೊತ್ತು. ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಾರೆ.

"ಆ ಮಗೂಗೆ ಮನೇಲಿ ಯಾರಾದ್ರೂ ಓದಿ ಹೇಳ್ತಾರೆ. ಟೀಚರಿಗೆ ಸಿಟ್ಟಿರಲಿಲ್ಲ, ಕೇಳಿಸಿರಲಿಲ್ಲ. ಅಷ್ಟು ಗೊತ್ತಾದ್ರೆ ಸಾಕು."