ಕೆಂಪುಕಲ್ಲು ಹೊತ್ತವರು

ನಮ್ಮೂರ ಚರ್ಚಿಗೆ ಐವತ್ತು ತುಂಬುವಾಗ ಅದರ ಇತಿಹಾಸದ ಪುಸ್ತಕ ತಯಾರಾದದ್ದು ಕುವೈತಿನಲ್ಲಿ, ಅಲ್ಲಿ ದುಡಿಯುವ ನಮ್ಮೂರವರು ಸೇರುವ ಖೈತಾನ್ ಬಡಾವಣೆಯ ಒಂದು ಫ್ಲಾಟಿನಲ್ಲಿ. ಸಂಪಾದಕರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಕರಡು ಓದಿ ಮೈ ಉರಿಯಿತು. ಜಾಗ ಕೊಟ್ಟ ಧಣಿಯ ಮನೆತನಕ್ಕೆ ಆರು ಪುಟ. ಪ್ರತಿ ಭಾನುವಾರ ಬಲಿಪೂಜೆ ಮುಗಿಸಿ, ಚರ್ಚು ಕಟ್ಟಲೆಂದು ಕಲ್ಲುಕೋರೆಯಿಂದ ಗುಡ್ಡದ ಮೇಲಕ್ಕೆ ತಲೆಗೊಂದು ಕೆಂಪುಕಲ್ಲು ಹೊತ್ತು ತಂದ ಹೆಂಗಸರಿಗೆ ಒಂದು ಸಾಲೂ ಇಲ್ಲ. ನನ್ನ ಅಮ್ಮನೂ ಹೊತ್ತಿದ್ದಳು.

“ದಾಖಲೆ ಉಂಟಾ ಮಾರಾಯ?” ಎಂದರು ಪ್ರಧಾನ ಸಂಪಾದಕರು. “ಇತಿಹಾಸದಲ್ಲಿ ಎಂ.ಎ. ಮಾಡಿದ್ದು ನೀನಲ್ವಾ? ಇಲ್ಲದಿದ್ರೆ ಖಲಾಸ್, ಪ್ರಿಂಟಿಗೆ ಹೋಗ್ಲಿ.”

ಎಂ.ಎ.ಗೆ ನಾನು ಓದಿದ್ದು ಇಂಗ್ಲೆಂಡಿನ ಹಳ್ಳಿಚರ್ಚುಗಳ ಇತಿಹಾಸ. ಅಲ್ಲಿನ ಹಳೆಯ ಕಡತಗಳಲ್ಲಿ ಚರ್ಚು ಗುಡಿಸಿದವಳ ಹೆಸರೂ ಸಿಗುತ್ತಿತ್ತು. ನಮ್ಮ ಹೆಂಗಸರ ಹೆಸರನ್ನು ಯಾರೂ ಬರೆದಿಡಲಿಲ್ಲ. ಈಗ ಅದನ್ನೇ ನೆಪ ಮಾಡುತ್ತಾರೆ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆ. ಚರ್ಚು ಕಟ್ಟುವಾಗ ನನಗೆ ಐದು ವರ್ಷ. ಅಮ್ಮನ ತಲೆಯ ಮೇಲಿನ ಸಿಂಬಿ ನೆನಪಿದೆ. ಸಿಂಬಿಯ ಮೇಲೆ ಕಲ್ಲಿತ್ತೋ ನೀರಿನ ಕೊಡವಿತ್ತೋ, ಆಣೆಯಿಟ್ಟು ಹೇಳಲಾರೆ. ಇದ್ದಾಗ ಕೇಳಲಿಲ್ಲ; ಈಗ ಕೇಳಲು ಅವಳಿಲ್ಲ.

“ನನ್ನ ನೆನಪು ಅಂತಲೇ ಹಾಕಿ. ಸಂಶಯವನ್ನೂ ಸೇರಿಸಿ ಬರೆದುಕೊಡ್ತೇನೆ. ಆಗದಿದ್ರೆ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ” ಎಂದೆ.

ಹೆಸರು ತೆಗೆದರು.