ನಾನು ಎಣಿಸಿದ ನೇರಳೆ ಚುಕ್ಕೆಗಳು

ಟಕ್, ಟಕ್, ಟಕ್— ಅಂಗೈಯೊಳಗೆ ಒತ್ತಿ ಎಣಿಸುವ ಕೌಂಟರಿನ ಆ ಸದ್ದು ಇನ್ನೂ ಕಿವಿಯಲ್ಲಿದೆ. ಅದರ ಅರ್ಥ ಬಲ್ಲವಳಾಗಿಯೂ ನಾನು ನನ್ನ ನಾದಿನಿ ಸುನಂದಾಳಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ಸತ್ತಳು.

ಗೋಕಾಕದ ಕಾಲೇಜಿನಲ್ಲಿ ಝೂವಾಲಜಿ ಕಲಿಸುತ್ತಿದ್ದ ನಾನು ತೊಂಬತ್ತರ ದಶಕದ ಕೊನೆಗೆ ರಜೆ ಹಾಕಿ ಎರಡು ವರ್ಷ ಪುಣೆಯ ಲ್ಯಾಬೊಂದರಲ್ಲಿ ರಿಸರ್ಚ್ ಮಾಡಿದೆ. ಕಣ್ಣಿಗೆ ಕಾಣದ ರಂಧ್ರಗಳ ತೆಳು ಜಾಲರಿ. ಮೇಲೆ ಕ್ಯಾನ್ಸರ್ ಕೋಶಗಳು, ಕೆಳಗೆ ಒಂದು ಹನಿ ಲಿಪಿಡ್— ಅಡುಗೆಯ ಜಿಡ್ಡಲ್ಲ, ಮೈಯೇ ತಯಾರಿಸುವ, ಕೋಶಗಳನ್ನು ತನ್ನತ್ತ ಕರೆಯುವ ಕೊಬ್ಬು. ಕೆಲವೇ ತಾಸಿನಲ್ಲಿ ಕೋಶಗಳು ಮೈ ಹಿಂಡಿಕೊಂಡು ರಂಧ್ರ ನುಸುಳುತ್ತಿದ್ದವು. ಬಣ್ಣ ಹಾಕಿದರೆ ನೇರಳೆ ಚುಕ್ಕೆಗಳು. ದಾಟಿದ ಒಂದೊಂದಕ್ಕೂ ಒಂದು ಟಕ್. ಎಲುಬಿನ ಮಜ್ಜೆಯ ಸ್ಟೆಮ್ ಸೆಲ್‌ಗಳೂ ಇಂಥದೇ ಕರೆಗೆ ಓಗೊಟ್ಟು ಗಾಯ ಮಾಯಿಸಲು ಹೊರಡುತ್ತವೆ. ಗುಣ ಮಾಡುವವು ನಡೆದ ದಾರಿಯಲ್ಲೇ ಕೊಲ್ಲುವವೂ ನಡೆಯುತ್ತವೆ— ನಾನು ಕಣ್ಣಾರೆ ಕಂಡಿದ್ದೆ.

ಊರಿಗೆ ಮರಳಿದ ಮರುವರ್ಷ ಮೂಡಲಗಿಯಿಂದ ಸುನಂದಾ ಬಂದಳು. ಎದೆಯಲ್ಲಿ ಗಂಟು. ರಿಪೋರ್ಟ್ ನೋಡಿದ ಡಾಕ್ಟರ್ ನನ್ನ ಕಡೆ ತಿರುಗಿ, "ಆಪರೇಟ್ ದಿಸ್ ವೀಕ್. ಡೋಂಟ್ ವೇಟ್," ಎಂದರು.

"ಏನಂದ್ರು, ವೈನಿ?" ಇಂಗ್ಲಿಷ್ ತಿಳಿಯದ ಸುನಂದಾ ಅತ್ತಿಗೆಯಾದ ನನ್ನನ್ನು ಕೇಳಿದಳು.

ಹುಕ್ಕೇರಿಯ ಮನೆತನಕ್ಕೆ ನನ್ನ ಮಗಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಲಗ್ನಕ್ಕೆ ಮೂರು ತಿಂಗಳು. ಹುಡುಗಿಯ ಸೋದರತ್ತೆಗೆ ಕ್ಯಾನ್ಸರ್ ಎಂಬುದು ಬೀಗರ ಕಿವಿಗೆ ಬಿದ್ದರೆ— ನಮ್ಮ ಮನೆತನದ ರಕ್ತದಲ್ಲೇ ಇದೆ ಅಂದರೆ—

"ಗಡಿಬಿಡಿ ಏನಿಲ್ಲಂತ. ಲಗ್ನಾ ಮುಗಿಸಿಕೊಂಡು ತಗಸೂಣು. ಅಲ್ಲೀತನಾ ಯಾರ ಮುಂದೂ ಹೇಳಬ್ಯಾಡ."

"ಅಷ್ಟರಾಗ ಅದು ಬ್ಯಾರೆ ಕಡೆ ಹೋಗೂದಿಲ್ಲಲ್ರಿ?"

"ಎಲ್ಲಿ ಹೋಗತೈತಿ? ಅದಕ್ಕೇನ್ ಕಾಲ ಅದಾವೇನು?"

ಅವಳು ನಕ್ಕುಬಿಟ್ಟಳು. ಅವು ನಡೆಯುವುದನ್ನು ಎರಡು ವರ್ಷ ಎಣಿಸಿದವಳು ನಾನು— ನಾನೂ ನಕ್ಕೆ.

ಲಗ್ನದಲ್ಲಿ ಅವಳೇ ಮುಂದೆ ನಿಂತು ಅರಿಷಿಣ ಹಚ್ಚಿದಳು, ಒಂದೇ ಕೈಯಿಂದ. ಎಡಗೈ ಮೇಲೇಳುತ್ತಿರಲಿಲ್ಲ. ನಾನು ನೋಡಿದೆ; ನೋಡಿಯೂ ಬೀಗರಿಗೆ ಎಲೆ ಹಾಕಿಸಲು ಹೋದೆ. ಆಪರೇಷನ್ ಆಗುವ ಹೊತ್ತಿಗೆ ಅದು ಎಲುಬು ಸೇರಿತ್ತು. ಆ ವಾರವೇ ಮಾಡಿಸಿದ್ದರೆ ಬದುಕುತ್ತಿದ್ದಳೋ ಏನೋ— ಆ "ಏನೋ" ಅವಳದಾಗಿತ್ತು. ನಾನು ಕಸಿದುಕೊಂಡೆ.

ನನ್ನ ಮಗಳಿಗೆ ಇದು ಇಂದಿಗೂ ತಿಳಿಯದು. ಓದಲಿ.

ನಮ್ಮ ಜೈನರಲ್ಲಿ ಕ್ಷಮಾವಣಿಯ ದಿನ ಒಬ್ಬರಿಗೊಬ್ಬರು ಕೈಮುಗಿದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಲಗ್ನವಾದ ಆ ವರ್ಷ ಎಲ್ಲ ಹೇಳಿಬಿಡಬೇಕೆಂದೇ ಮೂಡಲಗಿಗೆ ಹೋದೆ. ಹಾಸಿಗೆಯಲ್ಲಿದ್ದ ಸುನಂದಾ ಬಲಗೈಯಿಂದ ಎಡಗೈಯನ್ನು ಎಳೆದುತಂದು ಎದೆಯ ಮೇಲೆ ಜೋಡಿಸಿದಳು.

"ಮೊದಲ ನಾನ ಕೇಳತೇನ್ರಿ, ವೈನಿ. ಲಗ್ನದಾಗ ನಿಮ್ಮ ಕಾನ್ವೆಂಟ್ ಇಂಗ್ಲಿಷಿನ ನಕಲಾ ಮಾಡಿ ಎಲ್ಲಾರನ್ನೂ ನಗಿಸಿದ್ದೆ. ಕ್ಷಮಾ ಮಾಡ್ರಿ. ಈಗ ನಿಮ್ಮ ಪಾಳಿ. ಹೇಳ್ರಿ, ಲಗೂ!"

ಬಾಯಿ ತೆರೆದೆ. "ತಿಳಿದೋ ತಿಳಿಯದೆಯೋ ಆದ ತಪ್ಪುಗಳನ್ನ ಕ್ಷಮಿಸು," ಎಂದೆ— ಓಣಿಯ ಎಲ್ಲರಿಗೂ ಹೇಳುವ ಅದೇ ಮಾತು.

"ಇಷ್ಟ ಏನ್ರಿ?"

"ಇಷ್ಟ."

ಗೋಕಾಕದ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವಳ ಕೈಗಳು ಇನ್ನೂ ಮುಗಿದೇ ಇದ್ದವು. ಮತ್ತೆ ನಾನು ಅವಳನ್ನು ನೋಡಲಿಲ್ಲ.